ಹೆಚ್ಚು ದುಡ್ಡು ಕೊಟ್ಟರೂ ಪಿಚರ್ ಸಿಗಲಿಲ್ಲ!

ಪ್ರಶ್ನೆ: ಆನ್‌ಲೈನ್ ಬೇಸ್‌ಬಾಲ್ ಮ್ಯಾನೇಜರ್ ಆಟದಲ್ಲಿ 32 ವರ್ಷದ ಸ್ಟಾರ್ ಪಿಚರ್‌ಗೆ (ಚೆಂಡು ಎಸೆಯುವ ಆಟಗಾರ) ವರ್ಷಕ್ಕೆ 2 ಕೋಟಿ ಡಾಲರ್‌ನಂತೆ 4 ವರ್ಷದ ಆಫರ್ ಕೊಟ್ಟೆ. ಅವನು 1.7 ಕೋಟಿ ಕೊಟ್ಟ ತಂಡಕ್ಕೆ ಹೋದ. ಯಾಕೆ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಆ ತಂಡ ಎಷ್ಟು ವರ್ಷ ಕೊಟ್ಟಿತ್ತು, ನೋಡಿದಿರಾ? 6 ವರ್ಷವಾದರೆ ಒಟ್ಟು 10.2 ಕೋಟಿ, ನಿಮ್ಮದು 8. ಫ್ರೀ ಏಜೆಂಟ್ (ಒಪ್ಪಂದ ಮುಗಿದು ಯಾವ ತಂಡಕ್ಕಾದರೂ ಹೋಗಬಲ್ಲ ಆಟಗಾರ) ಸಾಮಾನ್ಯವಾಗಿ ಖಾತ್ರಿ ಮೊತ್ತದ ಕಡೆ ವಾಲುತ್ತಾನೆ. ಹಾಗಂತ ಈ ವಯಸ್ಸಿನವನಿಗೆ ನೀವೂ 6 ವರ್ಷ ಬರೆಯಬೇಡಿ. ಕೊನೆಯ ವರ್ಷಗಳಲ್ಲಿ ಸಂಬಳ ಉಳಿಯುತ್ತೆ, ಚೆಂಡಿನ ವೇಗ ಉಳಿಯಲ್ಲ. 4 ವರ್ಷ ಖಾತ್ರಿ, 5ನೆಯದಕ್ಕೆ ಟೀಮ್ ಆಪ್ಷನ್ (ಉಳಿಸಿಕೊಳ್ಳುವುದೋ ಬಿಡುವುದೋ ತಂಡದ ಇಷ್ಟ), ಜೊತೆಗೆ ದಪ್ಪ ಬೈಔಟ್ (ಬಿಟ್ಟರೆ ಅವನಿಗೆ ಕೊಡುವ ಹಣ) ಇಡಿ. ಮೊದಲ ವರ್ಷ ಹೆಚ್ಚು ಕೊಟ್ಟು ಆಮೇಲೆ ಇಳಿಸಿದರೆ ಮುಂದೆ ಬಜೆಟ್ ಕಟ್ಟಿಹಾಕಲ್ಲ.

ಅವನು ಹಳೆಯ ತಂಡದ ಕ್ವಾಲಿಫೈಯಿಂಗ್ ಆಫರ್ (ಒಂದು ವರ್ಷಕ್ಕೆ ನಿಗದಿತ ಮೊತ್ತದ ಆಫರ್) ತಿರಸ್ಕರಿಸಿದ್ದನೇ ಎಂದೂ ನೋಡಿ. ಲೀಗ್‌ನಲ್ಲಿ ಆ ನಿಯಮವಿದ್ದರೆ, ಅಂಥವನನ್ನು ಸೇರಿಸಿಕೊಂಡಾಗ ನಿಮ್ಮ ಡ್ರಾಫ್ಟ್ ಪಿಕ್ (ಹೊಸ ಆಟಗಾರರನ್ನು ಆರಿಸುವ ಸರದಿ) ಹೋಗುತ್ತೆ. ಎರಡನೇ ದರ್ಜೆಯ ಆಟಗಾರರಿಗೆ ಆಫರ್ ಕೊಡಲು ಅವಸರ ಬೇಡ, ಫೆಬ್ರವರಿಯ ಸ್ಪ್ರಿಂಗ್ ಟ್ರೇನಿಂಗ್ (ಸೀಸನ್‌ಗೆ ಮುಂಚಿನ ಅಭ್ಯಾಸ ಶಿಬಿರ) ಹೊತ್ತಿಗೆ ಅವರ ಬೇಡಿಕೆ ತಾನಾಗೇ ಇಳಿಯುತ್ತೆ.

ಆಫರ್ ಕಳಿಸುವ ಗಡುವು ಚಳಿಗಾಲದ ನ್ಯೂಯಾರ್ಕ್ ಸಮಯ ರಾತ್ರಿ 8 ಎಂದಿದ್ದರೆ ನಮಗದು ಮರುದಿನ ಬೆಳಿಗ್ಗೆ 6.30. ಕರೆಂಟ್ ನಂಬಿ ಕೂರದೆ ಹಿಂದಿನ ರಾತ್ರಿಯೇ ಆಫರ್ ಕಳಿಸಿ.