ಗೋದಾಮಿನ ಇಲಿಗೆ ಶೇಂಗಾ ಅಲರ್ಜಿ ಯಾಕಿಲ್ಲ?

ಚಳ್ಳಕೆರೆಯಿಂದ ಹಿರಿಯ ಶೇಂಗಾ ವ್ಯಾಪಾರಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು:

‘ಇಲಿಗಳಿಗೆ ಶೇಂಗಾ ಅಲರ್ಜಿ ಬರಿಸಿ ಪರೀಕ್ಷೆ ಮಾಡುತ್ತಾರೆ ಎಂದು ಕಳೆದ ಸಂಚಿಕೆಯಲ್ಲಿ ಓದಿದೆ. ನಲವತ್ತು ವರ್ಷದಿಂದ ನನ್ನ ಗೋದಾಮಿನಲ್ಲಿ ಇಲಿಗಳು ಶೇಂಗಾ ತಿಂದು ಕೊಬ್ಬಿವೆ. ಒಂದಕ್ಕೂ ಮೈ ತುರಿಸಿದ್ದು ಕಂಡಿಲ್ಲ. ಅಮೆರಿಕದಲ್ಲಿರುವ ನನ್ನ ಮೊಮ್ಮಗನಿಗೆ ಮಾತ್ರ ಒಂದು ಕಾಳು ಬಾಯಿಗೆ ಬಿದ್ದರೆ ಮುಖ ಊದುತ್ತದೆ. ಇಲಿಯನ್ನು ನೋಡಿ ಇವರು ಏನು ಕಲಿತಾರು? ಸುಮ್ನೆ ಗಣಪತಿ ವಾಹನಕ್ಕೆ ಹಿಂಸೆ ಅಲ್ವಾ? ಹುಡುಗ ಬೇಸಿಗೆ ರಜೆಗೆ ಬರುತ್ತಾನೆ. ದಿನಾ ಒಂದು ಚೂರು ತಿನ್ನಿಸಿ ಅಭ್ಯಾಸ ಮಾಡಿಸಬಹುದೇ?’

ಯಜಮಾನರೇ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಖಂಡಿತ ಬೇಡ. ಚೂರು ಚೂರೇ ತಿನ್ನಿಸಿ ಒಗ್ಗಿಸುವ ಚಿಕಿತ್ಸೆ ನಿಜವಾಗಿಯೂ ಇದೆ. ಆದರೆ ಅಲ್ಲಿ ಶೇಂಗಾ ಪುಡಿಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆಯುತ್ತಾರೆ. ಮೊದಲ ಡೋಸನ್ನೂ, ಡೋಸು ಏರಿಸುವಾಗಿನ ಪ್ರತಿ ಹೆಜ್ಜೆಯನ್ನೂ ವೈದ್ಯರ ಕಣ್ಣೆದುರೇ ಕೊಡುತ್ತಾರೆ. ಮನೆಯ ಕೈಯಳತೆಗೆ ಸಿಗುವ ಕೆಲಸ ಅದಲ್ಲ.

ಇನ್ನು ಇಲಿ. ನಿಮ್ಮ ಪ್ರಶ್ನೆ ತಮಾಷೆಯಾಗಿ ಕಂಡರೂ ಇಂಥ ಅಧ್ಯಯನಗಳ ಬುಡಕ್ಕೇ ಕೈ ಹಾಕಿದೆ. ಲ್ಯಾಬಿನವರದು ನಿಮ್ಮ ಗೋದಾಮಿನ ಇಲಿಯಲ್ಲ, ಬೆರಳುದ್ದದ ಚಿಟ್ಟಿಲಿ. ಅದಕ್ಕೂ ಶೇಂಗಾ ತಿನ್ನಿಸಿದರೆ ಏನೂ ಆಗುವುದಿಲ್ಲ. ತಿನ್ನಿಸಿದಷ್ಟೂ ಅದರ ದೇಹ ‘ಇದು ನಮ್ಮ ಊಟ’ ಎಂದು ಒಪ್ಪಿಕೊಳ್ಳುತ್ತದೆ. ಇದು ಹಳೆಯ ಸಂಗತಿ. 1911ರಲ್ಲೇ ಅಮೆರಿಕದ ವೆಲ್ಸ್ ಮತ್ತು ಆಸ್ಬರ್ನ್ ಗಿನಿ ಹಂದಿಗಳಲ್ಲಿ ಇದನ್ನು ಕಂಡಿದ್ದರು. ಮೆಕ್ಕೆಜೋಳ ತಿಂದು ಬೆಳೆದ ಪ್ರಾಣಿಗೆ ಮೆಕ್ಕೆಜೋಳದ ಪ್ರೋಟೀನನ್ನು ಚುಚ್ಚಿದರೂ ಅಲರ್ಜಿ ಬರಲಿಲ್ಲ.

ಹಾಗಾಗಿ ಇಲಿಗೆ ಅಲರ್ಜಿ ಬರಿಸಬೇಕಾದರೆ ಅದರ ದೇಹಕ್ಕೆ ಮೋಸ ಮಾಡಬೇಕು. ಸುಮಾರು 25 ವರ್ಷಗಳಿಂದ ಬಳಕೆಯಲ್ಲಿರುವ ಒಂದು ಉಪಾಯ ಹೀಗಿದೆ. ಶೇಂಗಾ ಜತೆ ಚಿಟಿಕೆ ಕಾಲರಾ ವಿಷ ಬೆರೆಸಿ, ವಾರಕ್ಕೊಮ್ಮೆಯಂತೆ ಕೆಲವು ವಾರ ಹೊಟ್ಟೆಗೆ ಬಿಡುತ್ತಾರೆ. (ಕಾಲರಾ ರೋಗಾಣು ಇಂಥ ವಿಷ ಬಿಡುತ್ತದೆ ಎಂದು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತಾದ ಶಂಭುನಾಥ ಡೇ. ಅವರಿಗೆ ಸಿಗಬೇಕಾದ ಮನ್ನಣೆ ಸಿಗಲೇ ಇಲ್ಲ ಎಂದು ನನಗೆ ಯಾವತ್ತೂ ಅನ್ನಿಸಿದೆ.) ವಿಷ ಕಂಡ ಕರುಳು ಗಾಬರಿಯಾಗುತ್ತದೆ. ಆ ಗಲಾಟೆಯಲ್ಲಿ ಪಕ್ಕದಲ್ಲೇ ಇದ್ದ ಪಾಪದ ಶೇಂಗಾ ಕೂಡ ಕಳ್ಳರ ಪಟ್ಟಿಗೆ ಸೇರಿಬಿಡುತ್ತದೆ. ದೇಹ ಶೇಂಗಾ ವಿರುದ್ಧ ಐಜಿಇ ಎಂಬ ಪ್ರತಿಕಾಯ (ಹೊರಗಿನವರನ್ನು ಗುರುತು ಹಿಡಿಯುವ ಪ್ರೋಟೀನು) ತಯಾರಿಸಿ, ಮಾಸ್ಟ್ ಕೋಶಗಳೆಂಬ ಕಾವಲು ಕೋಶಗಳ ಮೈಗೆ ಅಂಟಿಸಿ ಇಡುತ್ತದೆ. ಮುಂದಿನ ಸಲ ಶೇಂಗಾ ಬಂದದ್ದೇ ತಡ, ಆ ಕೋಶಗಳು ಒಡೆದಂತೆ, ತುರಿಕೆ, ಊತ ತರುವ ಹಿಸ್ಟಮಿನ್ ಸುರಿಸುತ್ತವೆ. ಇಲಿ ಮೂಗು, ತಲೆ ಕೆರೆದುಕೊಳ್ಳುತ್ತದೆ. ಕಣ್ಣ ಸುತ್ತ ಊದುತ್ತದೆ. ಜಾಸ್ತಿಯಾದರೆ ಅಲ್ಲಾಡದೆ ಕೂರುತ್ತದೆ, ಮೈ ತಣ್ಣಗಾಗುತ್ತದೆ. ಎಷ್ಟು ಡಿಗ್ರಿ ಇಳಿಯಿತು ಎಂಬುದರ ಮೇಲೆ ಅಲರ್ಜಿಯ ಜೋರನ್ನು ಅಳೆಯುತ್ತಾರೆ.

ಈ ಮೋಸವೇ ಪಾಠವಾಯಿತು. ಯಾವ ಯಾವ ದಾರಿಯಲ್ಲಿ ಮೋಸ ಮಾಡಿದರೆ ದೇಹ ಏಮಾರುತ್ತದೆ ಎಂದು ಹುಡುಕುತ್ತಾ ಹೋದವರು ಚರ್ಮಕ್ಕೆ ಬಂದು ನಿಂತರು. ಇಲಿಯ ಚರ್ಮದ ಮೇಲ್ಪದರವನ್ನು ಟೇಪು ಅಂಟಿಸಿ ಕಿತ್ತು, ಆ ಜಾಗಕ್ಕೆ ಶೇಂಗಾ ಹಚ್ಚಿದರು. ಆಮೇಲೆ ಅದನ್ನೇ ತಿನ್ನಿಸಿದರೂ ದೇಹ ಒಗ್ಗಲಿಲ್ಲ. ಬಾಯಿಂದ ಬಂದರೆ ನೆಂಟ, ಗಾಯದಿಂದ ಬಂದರೆ ಕಳ್ಳ. ಲಂಡನ್ನಿನ ಮಕ್ಕಳ ವೈದ್ಯ ಗಿಡಿಯನ್ ಲ್ಯಾಕ್ ಮನುಷ್ಯರ ಕಡೆಯಿಂದಲೂ ಇದನ್ನೇ ಹೇಳುತ್ತಿದ್ದರು. ಚರ್ಮ ಒಡೆದು ಕೆರೆತವಿರುವ ಕೂಸುಗಳಿಗೆ ಶೇಂಗಾ ಎಣ್ಣೆಯಿದ್ದ ಕ್ರೀಮು ಹಚ್ಚಿದ್ದಕ್ಕೂ ಅಲರ್ಜಿಗೂ ನಂಟಿದೆ ಎಂದು ಅವರು 2003ರಲ್ಲಿ ಬರೆದರು.

ಆಗ ಡಾಕ್ಟರರ ಸಲಹೆ ಏನಿತ್ತು ಗೊತ್ತೇ? ಮನೆಯಲ್ಲಿ ಅಲರ್ಜಿ ಇದ್ದರೆ ಮಗುವಿಗೆ ಮೂರು ವರ್ಷ ತುಂಬುವವರೆಗೆ ಶೇಂಗಾ ತೋರಿಸಲೇಬೇಡಿ ಎಂದು. ಅಮೆರಿಕದ ಮಕ್ಕಳ ವೈದ್ಯರ ಸಂಘ 2000ದಲ್ಲಿ ಹೀಗೆ ಹೇಳಿತ್ತು, 2008ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಅದೇ ಹೊತ್ತಿಗೆ ಲ್ಯಾಕ್ ತಂಡ ಇಸ್ರೇಲಿನ ಯಹೂದಿ ಮಕ್ಕಳನ್ನೂ ಬ್ರಿಟನ್ನಿನ ಯಹೂದಿ ಮಕ್ಕಳನ್ನೂ ಹೋಲಿಸಿ ನೋಡಿತು. ಇಸ್ರೇಲಿನ ಕೂಸುಗಳು ವರ್ಷ ತುಂಬುವ ಮೊದಲೇ ಬಾಂಬಾ ಎಂಬ ಶೇಂಗಾ ಕುರುಕಲು ಚೀಪುತ್ತವೆ. ಅಲ್ಲಿ ಶೇಂಗಾ ಅಲರ್ಜಿ ಶೇ 0.17, ಬ್ರಿಟನ್ನಿನಲ್ಲಿ ಶೇ 1.85. ಇದೇ ತಂಡದ ಇನ್ನೊಂದು ಪರೀಕ್ಷೆಯಿಂದ 2015ರಲ್ಲಿ ಬಂದ ಫಲಿತಾಂಶ ವಾದವನ್ನೇ ಮುಗಿಸಿತು. ಅಪಾಯ ಹೆಚ್ಚಿದ್ದ 640 ಕೂಸುಗಳನ್ನು, 4ರಿಂದ 11 ತಿಂಗಳ ಪ್ರಾಯದವರನ್ನು, ಎರಡು ಗುಂಪು ಮಾಡಿದ್ದರು. ಒಂದಕ್ಕೆ ಶೇಂಗಾ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ಶುರುವಿನ ಚರ್ಮ ಪರೀಕ್ಷೆಯಲ್ಲಿ ಏನೂ ತೋರದಿದ್ದವರನ್ನೇ ನೋಡಿ: ಐದು ವರ್ಷ ತುಂಬಿದಾಗ ಶೇಂಗಾ ತಿನ್ನದವರಲ್ಲಿ ಶೇ 13.7 ಮಂದಿಗೆ ಅಲರ್ಜಿ, ತಿಂದವರಲ್ಲಿ ಶೇ 1.9.

ದಯವಿಟ್ಟು ಇದನ್ನು ಓದಿ ಮಗಳಿಗೆ ಫೋನ್ ಮಾಡಿ ‘ನೀನು ಮೊದಲೇ ತಿನ್ನಿಸಬೇಕಿತ್ತು’ ಎನ್ನಬೇಡಿ. ಬೇಗ ತಿನ್ನಿಸಿದವರಲ್ಲೂ ಕೆಲವರಿಗೆ ಬಂದಿದೆ ಎಂಬುದು ಅದೇ ಲೆಕ್ಕದಲ್ಲಿದೆ. ಮತ್ತೆ ಇದು ಅಲರ್ಜಿ ಬಾರದಂತೆ ತಡೆಯುವ ದಾರಿ. ಬಂದ ಮೇಲೆ ಲೆಕ್ಕವೇ ಬೇರೆ.

ಇಲಿಯಿಂದಲೇ ಗೊತ್ತಾದ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಶಿಕಾಗೋ ವಿಶ್ವವಿದ್ಯಾಲಯದ ಕ್ಯಾಥರಿನ್ ನಾಗ್ಲರ್ ತಂಡ ಹೊಟ್ಟೆಯಲ್ಲಿ ಒಂದೂ ಸೂಕ್ಷ್ಮಜೀವಿಯಿಲ್ಲದಂತೆ ಬೆಳೆಸಿದ ಇಲಿಗಳನ್ನು ತೆಗೆದುಕೊಂಡಿತು. ಕೆಲವಕ್ಕೆ ಆರೋಗ್ಯವಂತ ಕೂಸಿನ ಮಲದ ಬ್ಯಾಕ್ಟೀರಿಯಾ ಸೇರಿಸಿದರು. ಇನ್ನು ಕೆಲವಕ್ಕೆ ಹಸುವಿನ ಹಾಲಿನ ಅಲರ್ಜಿಯಿದ್ದ ಕೂಸಿನದು. ಮೊದಲ ಗುಂಪು ಹಾಲಿನ ಅಲರ್ಜಿಯಿಂದ ಪಾರಾಯಿತು, ಎರಡನೆಯದು ಆಗಲಿಲ್ಲ. 2019ರ ವರದಿ ಇದು. ಕರುಳಿನ ಬಾಡಿಗೆದಾರರೂ ಯಾರು ನೆಂಟ ಎಂದು ಹೇಳುವುದರಲ್ಲಿ ಪಾಲು ಪಡೆಯುತ್ತಾರೆ ಎಂದಾಯಿತು.

ಹಾಗಂತ ಇಲಿ ಪುಟ್ಟ ಮನುಷ್ಯನಲ್ಲ. ಅದಕ್ಕೆ ವಾಂತಿಯೇ ಬರುವುದಿಲ್ಲ. ಐಜಿಇ ಇಲ್ಲದೆ ಐಜಿಜಿ ಎಂಬ ಬೇರೆ ಪ್ರತಿಕಾಯದ ದಾರಿಯಿಂದಲೂ ಅದರ ಮೈ ತಣ್ಣಗಾಗುತ್ತದೆ. ಲ್ಯಾಬಿನಲ್ಲಿ ಒಂದು ತಳಿಯ ಇಲಿಗಳೆಲ್ಲ ಅವಳಿಗಳಿದ್ದಂತೆ, ನಿಮ್ಮ ಓಣಿಯ ಮಕ್ಕಳು ಹಾಗಲ್ಲ. ಇಲ್ಲಿ ನಮ್ಮದೂ ಒಂದು ತಪ್ಪಿದೆ. ಕಳೆದ ಸಂಚಿಕೆಯ ಶೀರ್ಷಿಕೆಯಲ್ಲಿ ‘ಅಲರ್ಜಿಗೆ ಮದ್ದು ಸಿಕ್ಕಿತು’ ಎಂದು ಹಾಕಿದ್ದೆವು. ಸಿಕ್ಕಿದ್ದು ಇಲಿಗೆ ಎಂದು ಬರೆಯಬೇಕಿತ್ತು. ಕ್ಷಮಿಸಿ.

ಮನುಷ್ಯರಿಗೆ ಸಿಕ್ಕಿದ್ದೂ ಒಂದಿದೆ. ಒಮಾಲಿಜುಮ್ಯಾಬ್ ಎಂಬ ಚುಚ್ಚುಮದ್ದು ಐಜಿಇಯನ್ನು ಹಿಡಿದು ಕಟ್ಟಿಹಾಕುತ್ತದೆ. 2024ರ ಫೆಬ್ರುವರಿಯಲ್ಲಿ ಅಮೆರಿಕ ಇದನ್ನು ಆಹಾರ ಅಲರ್ಜಿಗೆ ಒಪ್ಪಿತು. ಪರೀಕ್ಷೆಯಲ್ಲಿ ಮದ್ದು ಪಡೆದವರಲ್ಲಿ ಶೇ 67 ಮಂದಿ 600 ಮಿಲಿಗ್ರಾಂ ಶೇಂಗಾ ಪ್ರೋಟೀನನ್ನು ತಡೆದುಕೊಂಡರು, ಅಂದರೆ ಎರಡು ಮೂರು ಕಾಳು. ಪಡೆಯದವರಲ್ಲಿ ಶೇ 7 ಮಾತ್ರ. ಅಪ್ಪಿತಪ್ಪಿ ಚೂರು ಬಾಯಿಗೆ ಬಿದ್ದರೆ ಆಗುವ ಅಪಾಯ ಅಷ್ಟರಿಂದ ಕಡಿಮೆಯಾಗುತ್ತದೆ, ಚಿಕ್ಕಿ ತಿನ್ನಲು ಅದು ಸಾಲದು. ಈ ಮದ್ದಿನ ಪ್ರತಿಕಾಯ ಮೊದಲು ತಯಾರಾದದ್ದೂ ಇಲಿಯಿಂದಲೇ. ಆಮೇಲೆ ಅದನ್ನು ಮನುಷ್ಯರಿಗೆ ಹೊಂದುವಂತೆ ಬದಲಾಯಿಸಿದರು.

ಹಿಂಸೆಯ ಮಾತು. ಹೌದು, ಹಿಂಸೆಯೇ. ಪ್ರಯೋಗ ಮುಗಿದ ಮೇಲೆ ಆ ಇಲಿಗಳನ್ನು ಸಾಮಾನ್ಯವಾಗಿ ಕೊಲ್ಲುತ್ತಾರೆ. ನಮ್ಮ ದೇಶದಲ್ಲೂ ಪ್ರಾಣಿ ಪ್ರಯೋಗಕ್ಕೆ ನೀತಿ ಸಮಿತಿಯ ಒಪ್ಪಿಗೆ ಬೇಕು, ಎಷ್ಟು ಇಲಿ, ಯಾಕೆ ಎಂದು ಲೆಕ್ಕ ಕೊಡಬೇಕು. ಅಷ್ಟರಿಂದ ನಿಮ್ಮ ಮನಸ್ಸಿಗೆ ಸಮಾಧಾನ ಆಗಲಿಕ್ಕಿಲ್ಲ. ನನಗೂ ಪೂರ್ತಿ ಆಗಿಲ್ಲ. ಆದರೂ ಗೋದಾಮಿನಲ್ಲಿ ಬೋನು ಇಡುವ ನೀವು, ಅಡುಗೆಮನೆಯಲ್ಲಿ ಇಡುವ ನಾನು, ಈ ವಿಷಯದಲ್ಲಿ ಜಾಸ್ತಿ ಜೋರು ಮಾಡುವಂತಿಲ್ಲ.

ಇನ್ನೊಂದು ಮಾತು. ಹುಡುಗ ಬಂದಾಗ ‘ಇಲ್ಲಿಯೂ ಒಂದು ರಕ್ತ ಪರೀಕ್ಷೆ ಮಾಡಿಸಿ, ಎಲ್ಲ ಆಹಾರದ್ದೂ ನೋಡೋಣ’ ಎಂದು ಯಾರಾದರೂ ಹೇಳಿಯಾರು. ನಮ್ಮ ಕರ್ನಾಟಕದಲ್ಲೇ 20ರಿಂದ 54 ವರ್ಷದವರ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಗಿದೆ. ರಕ್ತದಲ್ಲಿ ಯಾವುದಾದರೂ ಆಹಾರದ ವಿರುದ್ಧ ಐಜಿಇ ಇದ್ದವರು ಶೇ 26.5. ಅಲರ್ಜಿ ಇರಬಹುದು ಎನ್ನುವಂತಿದ್ದವರು ಶೇ 1.2. ಬರೀ ರಿಪೋರ್ಟು ನೋಡಿ ಹುಡುಗನಿಗೆ ಹಾಲು, ತೊಗರಿಬೇಳೆ ಬಿಡಿಸಬೇಡಿ.

ಎಣ್ಣೆಯ ವಿಷಯ ನೀವು ಕೇಳಿಲ್ಲ, ಆದರೂ ಚಳ್ಳಕೆರೆ ಅಂದಮೇಲೆ ಹೇಳಲೇಬೇಕು. ಚೆನ್ನಾಗಿ ರಿಫೈನ್ ಮಾಡಿದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನು ಹೆಚ್ಚುಕಡಿಮೆ ಇರುವುದಿಲ್ಲ. ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಅವನಿದ್ದಷ್ಟು ದಿನ ಎರಡೂ ಬೇಡ, ಸೂರ್ಯಕಾಂತಿ ಎಣ್ಣೆಯಲ್ಲೇ ಒಗ್ಗರಣೆ ಹಾಕಿಸಿ. ಶೇಂಗಾ ಚಟ್ನಿಪುಡಿಯ ಡಬ್ಬಿ ಅಟ್ಟಕ್ಕೆ ಹೋಗಲಿ. ಅದರಲ್ಲಿ ಆಡಿಸಿದ ಚಮಚ ಬೇರೆ ಪಾತ್ರೆಗೆ ಬೀಳದಿರಲಿ. ಅಲರ್ಜಿ ಜೋರಾದಾಗ ತೊಡೆಗೆ ಚುಚ್ಚುವ ಅಡ್ರಿನಲಿನ್ ಪೆನ್ನನ್ನು ಅಲ್ಲಿಂದಲೇ, ಒಂದಲ್ಲ ಎರಡು, ತರಲು ಹೇಳಿ. ಬಳಸುವುದು ಹೇಗೆಂದು ನೀವೂ ಕಲಿತುಕೊಳ್ಳಿ. ಅಜ್ಜನ ಗೋದಾಮು ನೋಡಬೇಕೆಂದು ಹುಡುಗ ಹಠ ಮಾಡಿದರೆ ಹೊರಗಿನಿಂದಲೇ ತೋರಿಸಿ. ಚೀಲ ಝಾಡಿಸುವ ಹೊತ್ತಿನಲ್ಲಿ ಆ ಕಡೆ ಕರೆದುಕೊಂಡು ಹೋಗಲೇಬೇಡಿ.

– ಸಂಪಾದಕ