ಎರಡಡಿ ಟ್ಯಾಂಕಿನ ಕೂದಲು ಪಾಚಿ: ಮೊದಲು ಗಿಡ ಹೆಚ್ಚಿಸಿ

ನಿಮ್ಮದು ಎರಡಡಿಯ 60 ಲೀಟರ್ ಅಕ್ವೇರಿಯಂ ಟ್ಯಾಂಕು, ಒಳಗೆ ಎರಡು ಅನುಬಿಯಾಸ್ ಗಿಡ, ದಿನಕ್ಕೆ 11 ಗಂಟೆ ಲೈಟು. ಎಷ್ಟು ಕಿತ್ತರೂ ಹಸಿರು ಕೂದಲು ಪಾಚಿ ವಾರದಲ್ಲೇ ವಾಪಸ್ ಅಂದಿರಿ. ಬರದೆ ಇನ್ನೇನು? ಅನುಬಿಯಾಸ್ ತಿಂಗಳಿಗೆ ಒಂದೆರಡು ಎಲೆ ಬಿಡುವ ನಿಧಾನದ ಗಿಡ. ಅಷ್ಟು ಬೆಳಕು ಅದಕ್ಕೆ ಬೇಡ, ಮಿಕ್ಕಿದ್ದು ಪಾಚಿಯ ಪಾಲು.

ಟೈಮರ್ ಹಾಕಿ ಲೈಟನ್ನು 6 ಗಂಟೆಗೆ ಇಳಿಸಿ. ಹಳೇ ಟೂತ್‌ಬ್ರಷ್ ಒಳಗಿಟ್ಟು ತಿರುವಿದರೆ ಪಾಚಿ ಶಾವಿಗೆ ಹಾಗೆ ಸುತ್ತಿಕೊಂಡು ಬರುತ್ತೆ. ಅದೇ ದಿನ ಶೇ. 40ರಷ್ಟು ನೀರು ಬದಲಿಸಿ. ಆಮೇಲೆ ಬೇಗ ಬೆಳೆಯುವ ಗಿಡ ನೆಡಿ, ತಳದ ಮುಕ್ಕಾಲು ಭಾಗ ತುಂಬುವಷ್ಟು, ಒಂದೇ ಸಲಕ್ಕೆ. ವಾಟರ್ ವಿಸ್ಟೀರಿಯಾ, ಹೈಗ್ರೊಫಿಲಾ ಪಾಲಿಸ್ಪರ್ಮಾ ಸಾಕು. ಕಡ್ಡಿಗಳ ನಡುವೆ ಎರಡು ಬೆರಳು ಜಾಗ ಬಿಡಿ. ಜೊತೆಗೆ ಹಾರ್ನ್‌ವರ್ಟ್ ಹಾಕಿದರೆ, ಆ ಗಿಡಕ್ಕೆ ಬೇರಿಲ್ಲ, ಹೂತರೆ ಬುಡ ಕೊಳೆಯುತ್ತೆ, ತೇಲಬಿಡಿ. ಅಂಗಡಿಯವರು ನೀರಿನ ಹೊರಗೆ ಬೆಳೆಸಿದ ಗಿಡವಾದರೆ ಹಳೆ ಎಲೆಗಳು ಮೊದಮೊದಲು ಕರಗುತ್ತವೆ. ಗಾಬರಿ ಬೇಡ, ದಿನಾ ಹೆಕ್ಕಿ ತೆಗೆಯಿರಿ. ಬಿಟ್ಟರೆ ಅದೇ ಪಾಚಿಗೆ ಊಟ.

ಗೊಬ್ಬರ ನಿಲ್ಲಿಸಿದರೆ ಪಾಚಿ ಸಾಯುತ್ತೆ ಅನ್ನೋದು ತಪ್ಪು ಲೆಕ್ಕ, ಮೊದಲು ಸೊರಗೋದು ಗಿಡ. ಗಿಡಕ್ಕೆ ಸಾರಜನಕ ಕೊಡುವ ನೈಟ್ರೇಟ್ 10–20 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಇರಲಿ. ನಿಮ್ಮ ಟ್ಯಾಂಕಿಗೆ 1 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಹಾಕಿದರೆ ಸುಮಾರು 10 ಪಿಪಿಎಂ ಏರುತ್ತೆ. ಟೆಸ್ಟ್ ಮಾಡಿ, ಕಡಿಮೆ ಇದ್ದರಷ್ಟೇ ಹಾಕಿ. ಪಾಚಿ ಕೊಲ್ಲಲು ಅಂತ ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕ ಇರುವ ‘ಲಿಕ್ವಿಡ್ ಕಾರ್ಬನ್’ ದ್ರಾವಣದ ಕಡೆ ಹೋಗಬೇಡಿ, ಹಾರ್ನ್‌ವರ್ಟ್‌ಗೆ ಅದು ಆಗಿಬರಲ್ಲ.

ಗಿಡ ನೀರಿನ ಮೇಲ್ಮೈ ಮುಟ್ಟಿದಾಗ ಎಲ್ಲವನ್ನೂ ಒಟ್ಟಿಗೆ ಕತ್ತರಿಸಬೇಡಿ. ಅರ್ಧ ಈ ವಾರ, ಇನ್ನರ್ಧ ಮುಂದಿನ ವಾರ. ತುದಿಗಳನ್ನು ಮತ್ತೆ ನೆಡಿ. ಹೆಚ್ಚಾದದ್ದನ್ನು ಕೆರೆಗೆ ಎಸೆಯದೆ ಒಣಗಿಸಿ ಹೂಕುಂಡಕ್ಕೆ ಹಾಕಿ.