ಎಂ.ಆರ್.ಐ. ನಾರ್ಮಲ್, ಆದರೂ ದಿಗಿಲು ಹೋಗಿಲ್ಲ

ಪ್ರಶ್ನೆ: ರಸ್ತೆ ಅಪಘಾತವಾಗಿ ಎಂಟು ತಿಂಗಳಾದರೂ ತಮ್ಮನಿಗೆ ರಾತ್ರಿ ಅದೇ ಕನಸು. ಹಾರ್ನ್ ಕೇಳಿದರೆ ಮೈ ನಡುಗುತ್ತದೆ. ಮನೋವೈದ್ಯರು ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಎಂದಿದ್ದಾರೆ, ಮಿದುಳಿನ ಎಂ.ಆರ್.ಐ. ವರದಿಯಲ್ಲಿ ‘ನಾರ್ಮಲ್’ ಎಂದಿದೆ. ಯಾವುದನ್ನು ನಂಬೋಣ?

ಉತ್ತರ: ಎರಡನ್ನೂ ನಂಬಿ. ಆ ಸ್ಕ್ಯಾನ್ ಹುಡುಕುವುದು ರಕ್ತಸ್ರಾವ, ಗಡ್ಡೆ, ಪೆಟ್ಟಿನ ಗುರುತನ್ನು. ಪಿಟಿಎಸ್‌ಡಿ ಹಾಗೆ ಕಣ್ಣಿಗೆ ಬೀಳುವ ಗಾಯವಲ್ಲ. ಕನಸು, ದಿಗಿಲು, ಘಟನೆ ನೆನಪಿಸುವ ಜಾಗಗಳಿಂದ ತಪ್ಪಿಸಿಕೊಳ್ಳುವುದು, ಸದಾ ಬೆಚ್ಚುವುದು ಇವೆಲ್ಲ ಒಂದು ತಿಂಗಳು ಮೀರಿ ಉಳಿದು ಬದುಕಿಗೆ ಅಡ್ಡಿಯಾಗಿವೆಯೇ ಎಂದು ಕೂರಿಸಿ ಕೇಳಿಯೇ ಅದನ್ನು ಗುರುತಿಸುತ್ತಾರೆ. ವರದಿ ತೋರಿಸಿ ‘ನಿನಗೇನೂ ಆಗಿಲ್ಲ’ ಎಂದು ದಯವಿಟ್ಟು ಯಾರೂ ಅವರಿಗೆ ಹೇಳಬೇಡಿ.

ಪ್ರಶ್ನೆ: ಪತ್ರಿಕೆಗಳಲ್ಲಿ ಪಿಟಿಎಸ್‌ಡಿ ಇರುವವರ ಮಿದುಳಿನಲ್ಲಿ ಕೆಂಪಗೆ ಹೊಳೆಯುವ ಚಿತ್ರ ಹಾಕುತ್ತಾರಲ್ಲ, ಅದೇನು?

ಉತ್ತರ: ಅದು ಫಂಕ್ಷನಲ್ ಎಂ.ಆರ್.ಐ. ಮಿದುಳಿನ ಒಂದು ಭಾಗ ಕೆಲಸಕ್ಕಿಳಿದರೆ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಯಂತ್ರ ಹಿಡಿಯುವುದು ಈ ರಕ್ತದ ಬದಲಾವಣೆಯನ್ನು, ಅದೂ ಸುಮಾರು 5–6 ಸೆಕೆಂಡು ತಡವಾಗಿ. ಕೆಂಪು ಬಣ್ಣ ಲೆಕ್ಕಾಚಾರ ಮುಗಿದ ಮೇಲೆ ಬಳಿದದ್ದು, ಮಿದುಳು ಹೊಳೆಯುವುದಿಲ್ಲ.

ಸ್ಕ್ಯಾನರಿನೊಳಗೆ ಮಲಗಿದವರಿಗೆ ಹೆದರಿದ ಮುಖಗಳನ್ನು ತೋರಿಸುತ್ತಾರೆ, ಇಲ್ಲವೇ ಅವರದೇ ಘಟನೆಯನ್ನು ಅರ್ಧ ನಿಮಿಷದಷ್ಟು ಧ್ವನಿಮುದ್ರಿಸಿ ಕೇಳಿಸುತ್ತಾರೆ. ಬಳಿಕ ಯಾವ ಭಾವವೂ ಇಲ್ಲದ ಸಾಮಾನ್ಯ ವಿವರಣೆಯೊಂದಿಗೆ ಹೋಲಿಸುತ್ತಾರೆ. ಹಲವು ಅಧ್ಯಯನಗಳಲ್ಲಿ ಭಯವನ್ನು ಗ್ರಹಿಸುವ ಅಮಿಗ್ಡಲ ಹೆಚ್ಚು, ಅದನ್ನು ತಣಿಸುವ ಹಣೆಯ ಹಿಂದಿನ ಒಳಭಾಗ ಕಡಿಮೆ ಕೆಲಸ ಮಾಡುವುದು ಕಂಡಿದೆ. ನೆನಪು ನುಗ್ಗಿದಾಗ ಮರಗಟ್ಟಿ, ತಾನು ಅಲ್ಲಿಲ್ಲವೇನೋ ಎನ್ನಿಸುವವರಲ್ಲಿ ಇದು ತಿರುಗುಮುರುಗು. ಕಾಯಿಲೆಯ ಹೆಸರು ಒಂದೇ, ಚಿತ್ರ ಒಂದೇ ಅಲ್ಲ.

ತಪ್ಪು ನುಸುಳುವ ಜಾಗಗಳು ಬಹಳ. ತಲೆ ಒಂದೆರಡು ಮಿಲಿಮೀಟರ್ ಅಲುಗಿದರೂ ದತ್ತಾಂಶ ಕೆಡುತ್ತದೆ, ಗಾಬರಿಯಲ್ಲಿರುವವರು ಅಲುಗುವುದೇ ಹೆಚ್ಚು. ಅಮಿಗ್ಡಲದ ಹತ್ತಿರ ಗಾಳಿ ತುಂಬಿದ ಸೈನಸ್‌ಗಳಿವೆ. ಅಲ್ಲಿ ಕಾಂತಕ್ಷೇತ್ರ ಏರುಪೇರಾಗಿ ಸಿಗ್ನಲ್ ಕರಗಿಹೋಗುತ್ತದೆ, ಅಂದರೆ ನೋಡಬೇಕಾದ ಕಡೆಯೇ ಮಬ್ಬು. ಒಂದು ಲಕ್ಷ ವಾಕ್ಸೆಲ್‌ಗಳನ್ನು (ಚಿತ್ರದ ಪುಟ್ಟ ಘನಗಳು) ಒಂದೊಂದಾಗಿ, ಆಕಸ್ಮಿಕ ತಪ್ಪಿಗೆ ಶೇ 5ರಷ್ಟು ಅವಕಾಶವಿಟ್ಟು ಪರೀಕ್ಷಿಸಿದರೆ, ಏನೂ ಇಲ್ಲದಿದ್ದರೂ ಸುಮಾರು 5,000 ಕಡೆ ‘ಬದಲಾವಣೆ’ ಕಾಣುತ್ತದೆ. ಲೆಕ್ಕ ಸರಿಪಡಿಸದೆ ಪ್ರಕಟಿಸಿದರೆ ನಂಬುವಂತಿಲ್ಲ. ಹೋಲಿಕೆಗೆ ಅಂಥದ್ದೇ ಆಘಾತ ಕಂಡೂ ಕಾಯಿಲೆ ಬಾರದವರು ಇರಲೇಬೇಕು. ನಮ್ಮ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. ಅವರಿಲ್ಲದಿದ್ದರೆ ಕಂಡದ್ದು ಆಘಾತದ ಪರಿಣಾಮವೋ ಕಾಯಿಲೆಯದ್ದೋ ಹೇಳಲಾಗದು.

ಇನ್ನು, ಯಂತ್ರದ ಧಡಧಡ ಸದ್ದೇ ಕೆಲವರಿಗೆ ಘಟನೆಯನ್ನು ಮತ್ತೆ ಎದುರಿಗಿಡುತ್ತದೆ. ಸದ್ದನ್ನು ಮೊದಲೇ ಕೇಳಿಸಬೇಕು, ಕಿವಿಗೆ ಇಯರ್‌ಪ್ಲಗ್ ಕೊಡಬೇಕು, ಕೈಯಲ್ಲಿ ಒತ್ತಿ ಕರೆಯುವ ರಬ್ಬರ್ ಬಲ್ಬ್ ಇರಬೇಕು. ಒತ್ತಿದರೆ ತಕ್ಷಣ ಹೊರಗೆ. ಮೈಯಲ್ಲಿ ಗುಂಡಿನ ಚೂರು, ಲೋಹವಿದ್ದರೆ ಮುಂಚೆಯೇ ಹೇಳಬೇಕು.

ಪ್ರಶ್ನೆ: ಆಘಾತದಿಂದ ಹಿಪೊಕ್ಯಾಂಪಸ್ (ನೆನಪಿಗೆ ಬೇಕಾದ ಮಿದುಳಿನ ಭಾಗ) ಕುಗ್ಗುತ್ತದಂತೆ, ನಿಜವೇ?

ಉತ್ತರ: ಅಷ್ಟು ಸರಳವಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ವಿಯೆಟ್ನಾಂ ಯುದ್ಧಕ್ಕೆ ಹೋದವರನ್ನೂ ಹೋಗದ ಅವರ ತದ್ರೂಪಿ ಅವಳಿಗಳನ್ನೂ ಅಳೆಯಿತು. ತೀವ್ರ ಪಿಟಿಎಸ್‌ಡಿ ಇದ್ದವರಲ್ಲಿ ಹಿಪೊಕ್ಯಾಂಪಸ್ ಚಿಕ್ಕದಿತ್ತು. ಯುದ್ಧವನ್ನೇ ಕಾಣದ ಅವರ ಅವಳಿಗಳಲ್ಲೂ ಚಿಕ್ಕದೇ! ಅಂದರೆ ಚಿಕ್ಕ ಗಾತ್ರ ಮೊದಲೇ ಇದ್ದಿರಬಹುದು. ಇದೂ ಗುಂಪಿನ ಸರಾಸರಿ ಮಾತು. ಒಬ್ಬರ ಅಳತೆ ನೋಡಿ ಕಾಯಿಲೆ ಇದೆಯೋ ಇಲ್ಲವೋ ಹೇಳಲು ಬಾರದು. ಚಿಕಿತ್ಸೆ ಶುರುಮಾಡಲು ಆ ಅಳತೆ ಬೇಕಾಗಿಯೂ ಇಲ್ಲ.